ಸೂಜಿ ಕೆಳಗಿಟ್ಟ ಡಾಕ್ಟ್ರಮ್ಮ

ಮಗುವಿನ ಎದೆಗೆ ಸ್ಟೆತಸ್ಕೋಪು ಇಡುವ ಮೊದಲು ನಮ್ಮ ಡಾಕ್ಟ್ರಮ್ಮ ಅದರ ಬಿಲ್ಲೆಯನ್ನು ಅಂಗೈಯಲ್ಲಿ ಮುಚ್ಚಿಟ್ಟು ಬೆಚ್ಚಗೆ ಮಾಡುತ್ತಿದ್ದರು. ಆಲೂರಿನಲ್ಲಿ ಅವರ ಮನೆಯ ಮುಂದಿನ ಕೋಣೆಯೇ ಕ್ಲಿನಿಕ್. ನಾನು ಅಲ್ಲಿ ನರ್ಸಾಗಿ ಸೇರಿದ್ದು ತೊಂಬತ್ತರ ದಶಕದಲ್ಲಿ. ಮದುವೆಯಾಗದ ಅವರಿಗೆ ರೋಗಿಗಳೇ ಬಳಗ. "ಜ್ವರ ಬಿಟ್ಮೇಲೆ ಬಂದಿದ್ದೀಯಲ್ಲ, ನನ್ನ ಮುಖ ನೋಡೋಕ್ ಬಂದ್ಯಾ?" ಎಂದು ಗದರಿಸುವರು. ಔಷಧಿ ಕೊಟ್ಟು, ಬಸ್ಸು ಬಂತೇ ಎಂದು ತಾವೇ ಬಾಗಿಲಿಗೆ ಹೋಗಿ ನೋಡುವರು.

ಒಂದು ಮಧ್ಯಾಹ್ನ ಬೆಳಗೋಡಿನ ಹೆಂಗಸೊಬ್ಬಳ ಮಗುವಿಗೆ ಇಂಜೆಕ್ಷನ್ ಕೊಟ್ಟು ಕೈ ತೊಳೆಯಲು ಹೋದರು. ಬಂದವರೇ ಅದೇ ಔಷಧಿಯನ್ನು ಮತ್ತೆ ಸಿರಿಂಜಿಗೆ ಎಳೆದುಕೊಂಡರು.

"ಆಗ್ಲೇ ಹಾಕುದ್ರಲ್ಲ ಡಾಕ್ಟ್ರಮ್ಮ," ಎಂದು ತಾಯಿ ಮಗುವನ್ನು ಅವಚಿಕೊಂಡಳು.

ಅವರು ನನ್ನ ಮುಖ ನೋಡಿದರು. ಹೌದೆಂದು ತಲೆಯಾಡಿಸಿದೆ. ಸಿರಿಂಜನ್ನು ಮೆಲ್ಲಗೆ ಟ್ರೇಯಲ್ಲಿಟ್ಟರು.

ಬೆಂಗಳೂರಿನಲ್ಲಿ ತೋರಿಸಿಕೊಂಡು ಬಂದ ಮೇಲೆ ನನ್ನನ್ನು ಎದುರಿಗೆ ಕೂರಿಸಿಕೊಂಡರು. "ಅಲ್ಝೈಮರ್ ಕಣೇ. ಮಿದುಳಿನ ಒಂದು ಕೋಶ ಇನ್ನೊಂದಕ್ಕೆ ಸುದ್ದಿ ಮುಟ್ಸೋಕೆ ಅಸಿಟೈಲ್‌ಕೋಲಿನ್ ಅನ್ನೋ ರಾಸಾಯನಿಕ ಬೇಕು. ನನ್ನಲ್ಲಿ ಅದನ್ನ ಮಾಡೋ ಕೋಶಗಳೇ ಸಾಯ್ತಾ ಅವೆ. ಉಳಿದಿರೋ ಚೂರು ಬೇಗ ಒಡೆದು ಹೋಗ್ದಂಗೆ ಈ ಮಾತ್ರೆ ತಡೀತೈತೆ, ಅಷ್ಟೇ."

"ವಾಸಿಯಾಗಲ್ವಾ ಅಮ್ಮಾ?"

"ಇಲ್ಲ. ಇವತ್ತಿಂದ ಔಷಧಿ ಬೀರುವಿನ ಕೀಲಿ ನಿನ್ನ ಹತ್ರ ಇರ್ಲಿ. ನಾನೇ ಕೇಳಿದ್ರೂ ಕೊಡ್ಬೇಡ."

ಆ ವಾರವೇ ಕ್ಲಿನಿಕ್ ಮುಚ್ಚಿದರು. ಬೀರು ಖಾಲಿ ಮಾಡಲು ಮಾತ್ರ ಅವರಿಗೆ ಮನಸ್ಸು ಬರಲಿಲ್ಲ. ನಾನು ಅವರ ಜೊತೆಯಲ್ಲೇ ಉಳಿದೆ. ಬೋರ್ಡು ಇಳಿಸಿದರೂ ಜನ ಬರುವುದು ನಿಲ್ಲಲಿಲ್ಲ. ಯಾರಾದರೂ ಬಾಗಿಲು ತಟ್ಟಿದರೆ ಅವರಿಗಿಂತ ಮೊದಲು ನಾನೇ ಎದ್ದು ಹೋಗುತ್ತಿದ್ದೆ.

ಅವರು ತೀರಿಕೊಳ್ಳುವ ಹಿಂದಿನ ವರ್ಷ, ಹತ್ತಿರದ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಉಬ್ಬಸದಿಂದ ಒದ್ದಾಡುತ್ತಿದ್ದ ಹೆಂಡತಿಯನ್ನು ಜೀಪಿನಲ್ಲಿ ಕರೆತಂದ. ಡಾಕ್ಟ್ರಮ್ಮ ಎದ್ದು ಕೈಚಾಚಿದರು. "ಕೀಲಿ ಕೊಡೇ."

"ಇಲ್ಲಮ್ಮ."

"ಯಾರೇ ನೀನು, ನನ್ನ ಮನೇಲಿ ನನ್ನ ತಡೆಯೋಕೆ?"

ಆ ಹೆಂಗಸಿನ ತುಟಿ ನೀಲಿಗಟ್ಟುತ್ತಿತ್ತು. ಈ ಗಳಿಗೆಯಲ್ಲಿ ಅವರ ತಲೆ ನೆಟ್ಟಗಿದ್ದು ನಾನೇ ತಪ್ಪಾಗಿದ್ದರೆ? ಕೀಲಿ ಕಟ್ಟಿದ್ದ ಸೆರಗಿನ ಗಂಟಿಗೆ ಕೈ ಹೋಯಿತು. ಬಿಚ್ಚಲಿಲ್ಲ. ತಾಲ್ಲೂಕು ಆಸ್ಪತ್ರೆಗೆ ಓಡಿಸಿ ಎಂದು ರೈಟರನ್ನು ಕಳಿಸಿದೆ. ಆಕೆ ಚೇತರಿಸಿಕೊಂಡಳೆಂಬ ಸುದ್ದಿ ಸಂಜೆ ಬರುವವರೆಗೂ ನಾನು ಬಾಗಿಲು ಬಿಟ್ಟು ಕದಲಲಿಲ್ಲ.

ಡಾಕ್ಟ್ರಮ್ಮ ಮುನಿಸಿಕೊಂಡೇ ಕೂತಿದ್ದರು. ಕಾಫಿ ಕೊಡಲು ಹೋದಾಗ, ಯಾರೋ ರೋಗಿಯನ್ನು ನೋಡುವಂತೆ ನನ್ನನ್ನು ನೋಡಿದರು.

"ಸ್ವಲ್ಪ ಕಾಯಮ್ಮ," ಎಂದರು ಮೆಲ್ಲಗೆ. "ನನ್ನ ಹತ್ರ ಒಬ್ಳು ನರ್ಸ್ ಅವ್ಳೆ. ಅವ್ಳು ಬರ್ದೆ ನಾನು ಯಾರ್ಗೂ ಸೂಜಿ ಹಾಕಲ್ಲ."

"ಆಗ್ಲಮ್ಮ, ಕಾಯೋಣ," ಎಂದು ಅವರ ಪಕ್ಕದಲ್ಲೇ ಕೂತೆ.