ಅತ್ತೆಯ ಹಿಮ್ಮಡಿ ಕಲ್ಲು

ಮಳವಳ್ಳಿಯ ಸೋದರತ್ತೆಯ ಬಚ್ಚಲುಮನೆಯಲ್ಲಿ ಕಾಲು ತೊಳೆಯಲು ಬಗ್ಗಿದವನು ಅಲ್ಲೇ ಕುಕ್ಕರಿಸಿಬಿಟ್ಟೆ. ಅತ್ತೆ ಹಿಮ್ಮಡಿ ಉಜ್ಜುವ ಕಲ್ಲಿಗೆ ಆರು ಮುಖ! ನಮ್ಮ ಸೀಮೆಯ ಅಪರೂಪದ ಕಲ್ಲುಗಳನ್ನು ಕೂಡಿಡುವ ನಾನು, ಮದ್ದೂರಿನಿಂದ ಮುತ್ತತ್ತಿಯವರೆಗೂ ವರ್ಷಗಟ್ಟಲೆ ಹುಡುಕಿ ಸೋತಿದ್ದ, ಮಾಣಿಕ್ಯದ ಜಾತಿಯ ಕೆಂಪು ಕುರುಂದದ ಹರಳು ಅದು.

"ಇದ ನಂಗೆ ಕೊಡು ಅತ್ತೆ," ಅಂದೆ.

"ಓಗ್ಲಾ! ಕೊಟ್ಬುಟ್ಟು ನಾನೇನು ನಿನ್ ತಲೇಲಿ ಉಜ್ಕೊಳ್ಳಾ?"

ಬಾಗಿಲು ಮುಚ್ಚಿ, ಕಲ್ಲು ಪರೀಕ್ಷಿಸುವ ನನ್ನ ನೇರಳೆ ಬೆಳಕಿನ ಟಾರ್ಚು ಬಿಟ್ಟೆ. ಕತ್ತಲಲ್ಲಿ ಕಲ್ಲು ನಿಗಿನಿಗಿ ಕೆಂಡವಾಯಿತು.

"ಅಯ್ಯೋ ಸಿವ್ನೇ! ಇಷ್ಟ್ ದಿನ ಕೆಂಡದಲ್ಲಿ ಕಾಲುಜ್ಜಿದ್ನೇನ್ಲಾ? ಇಂಥಾದ್ನ ಬಚ್ಚಲಲ್ಲಿ ಮಡಗಬಾರ್ದು, ತಕೊಂಡೋಗು. ಆದ್ರೆ ಯಾರ್ ಕೇಳುದ್ರೂ ನನ್ ಕಲ್ಲು ಅಂತ್ಲೇ ಯೋಳ್ಬೇಕು."

ಈಗ ನನ್ನ ಗಾಜಿನ ಬೀರುವಿನ ನಟ್ಟನಡುವೆ ಅದೇ ಕೂತಿದೆ. ನೋಡಲು ಬಂದವರಿಗೆ ಎದೆಯುಬ್ಬಿಸಿ ಹೇಳುತ್ತೇನೆ: "ಇದು ನಮ್ಮತ್ತೆಯ ಹಿಮ್ಮಡಿ ಕಲ್ಲು." ಕುರುಂದ ಅನ್ನೋ ಮಾತೆಲ್ಲ ಆಮೇಲೆ.