ಹೆಣ್ಣೊಪ್ಪಿಸುವ ಪದ

ನಮ್ಮ ಅವ್ವ ಸೋಬಾನೆಗೆ ಹೆಸರಾದವಳು. ಮಳವಳ್ಳಿ ಸೀಮೆಯ ನಮ್ಮ ನೆಂಟರಿಷ್ಟರಲ್ಲಿ ಯಾರ ಮದುವೆಯೇ ಆಗಲಿ, ಹೆಣ್ಣನ್ನು ಹಸೆಯ ಮೇಲೆ ಕೂರಿಸಿದ ಕೂಡಲೇ ಎಲ್ಲರೂ ಅವ್ವನ ಮುಖ ನೋಡುತ್ತಿದ್ದರು. ಅವಳೊಂದು ಸೊಲ್ಲು ಎತ್ತಿಕೊಟ್ಟರೆ ಉಳಿದ ಹೆಂಗಸರು ಅದನ್ನೇ ಹಿಡಿದು ತಿರುಗಿ ಹೇಳುತ್ತಿದ್ದರು. ಅಪ್ಪ ತೀರಿಕೊಂಡ ಮೇಲೆ ಆ ಮುಖವನ್ನು ಯಾರೂ ನೋಡಲಿಲ್ಲ. ಸೋಬಾನೆ ಮುತ್ತೈದೆಯರ ಬಾಯಿಂದಲೇ ಬರಬೇಕಂತೆ. ಬಾಯಿ ಅದೇ, ಗಂಟಲು ಅದೇ, ಪದವೂ ಅದೇ. ಕರಿಮಣಿ ಹೋಗಿದ್ದಕ್ಕೆ ಎಲ್ಲವೂ ಕೆಟ್ಟುಹೋಯಿತು. ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ.

ಅಪ್ಪ ಇದ್ದಾಗ ಮದುವೆಮನೆಗಳಿಗೆ ಟೇಪ್ ರೆಕಾರ್ಡರ್ ಹೊತ್ತುಕೊಂಡು ಹೋಗಿ, ಹಸೆಯ ಪಕ್ಕದಲ್ಲಿಟ್ಟು, ಅವ್ವನ ಪದಗಳನ್ನು ತುಂಬಿಸಿಕೊಂಡು ಬರುತ್ತಿದ್ದ. ಆ ಕ್ಯಾಸೆಟ್‌ಗಳು ಅಣ್ಣನ ಮನೆಯ ಅಟ್ಟದ ಮೇಲೆ ಬಿದ್ದಿದ್ದವು. ಮಗಳ ಮದುವೆ ಗೊತ್ತಾದಾಗ ಅಣ್ಣನಿಗೆ ಅವು ನೆನಪಾದವು. ಮಂಡ್ಯದ ಅಂಗಡಿಯೊಂದರಲ್ಲಿ ಎಲ್ಲವನ್ನೂ ಪೆನ್‌ಡ್ರೈವ್‌ಗೆ ಹಾಕಿಸಿ, ಅವ್ವನನ್ನೂ ಕರೆದುಕೊಂಡು ಮದ್ದೂರಿನ ನಮ್ಮ ಮನೆಗೆ ಬಂದ.

"ಒಂದೊಂದು ಕ್ಯಾಸೆಟ್ಟೂ ಉದ್ದೂಕೆ ಒಂದೇ ಆಗಿ ಬಂದದೆ. ಪದಪದ್ವಾಗಿ ಬಿಡಿಸ್ಕೊಡಮ್ಮಿ. ಮೈಕ್‌ಸೆಟ್ಟೋನು ಆಯಾ ಸಾಸ್ತ್ರಕ್ಕೆ ಆಯಾ ಪದ ಹಾಕ್ತಾನೆ" ಅಂದ.

"ಅವ್ವನೇ ಇಲ್ಲಿ ಕೂತವ್ಳಲ್ಲಣ್ಣ. ಅವಳೇ ಹೇಳ್ಲಿ."

"ಸುಮ್ಕಿರಮ್ಮಿ. ಗೊತ್ತಿದ್ದೂ ಗೊತ್ತಿದ್ದೂ ಮಾತಾಡ್ತೀಯಲ್ಲ."

ಅವ್ವ ನೀರು ಕುಡಿಯುವ ನೆಪದಲ್ಲಿ ಎದ್ದು ಒಳಗೆ ಹೋದಳು. ಅಣ್ಣ ಅವಳನ್ನು ನಮ್ಮಲ್ಲೇ ಬಿಟ್ಟು ಬಸ್ಸು ಹತ್ತಿದ.

ನನ್ನ ಲ್ಯಾಪ್‌ಟಾಪಿನಲ್ಲಿ ಈ ಕೆಲಸಕ್ಕೆ ಒಂದು ಸಾಫ್ಟ್‌ವೇರ್ ಇದೆ. ಸದ್ದು ಎಲ್ಲಿ ಅಡಗುತ್ತದೋ ಅಲ್ಲಿ ತಾನೇ ಗುರುತು ಹಾಕಿ ತುಂಡು ಮಾಡುತ್ತದೆ. ಮೊದಲ ಕ್ಯಾಸೆಟ್ಟನ್ನು ಅದರ ಬಾಯಿಗೆ ಕೊಟ್ಟೆ. ಕೊಚ್ಚಿದ ಕಬ್ಬಿನ ಹಾಗೆ ಪರದೆಯ ತುಂಬ ತುಂಡುಗಳು ಬಿದ್ದವು. ಸೋಬಾನೆಯಲ್ಲಿ ಒಂದು ಪದ ಮುಗಿದಲ್ಲಿ ಸದ್ದು ಅಡಗುವುದೇ ಇಲ್ಲ. ತಿರುಗಿ ಹೇಳುವವರು ಕೊನೆಯ ಸೊಲ್ಲು ಹೇಳುತ್ತಿರುವಾಗಲೇ ಎತ್ತಿಕೊಡುವವಳು ಇನ್ನೊಂದು ಪದ ಎತ್ತಿಬಿಟ್ಟಿರುತ್ತಾಳೆ. ಸದ್ದು ಅಡಗುವುದೇನಿದ್ದರೂ ಪದದ ನಡುವೆ.

"ಅಲ್ಲಲ್ಲ ಕಣಮ್ಮಿ" ಎಂದು ಅವ್ವ ನನ್ನ ಕೈ ಹಿಡಿದಳು. "ಅಲ್ಲಿ ಪದ ಮುಗುದಿಲ್ಲ. ನಾನು ಉಸ್ರು ತಕ್ಕಂಡಿವ್ನಿ ಅಷ್ಟೇಯ."

ಅದು ಹಾಕಿದ ಗುರುತುಗಳನ್ನೆಲ್ಲ ಅಳಿಸಿದೆ. ಆಮೇಲೆ ಅವ್ವ ಕೇಳುತ್ತ "ಇಲ್ಲಿ" ಅಂದಾಗ ಮಾತ್ರ ತುಂಡು ಮಾಡಿ, ಅರಿಶಿನದ ಪದ, ಹಸೆಯ ಪದ, ಧಾರೆಯ ಪದ ಎಂದು ಅವಳು ಹೇಳಿದ ಹೆಸರು ಬರೆದೆ. ಒಂದು ಕಡೆ ಪದದ ನಡುವೆ ಅಪ್ಪನ ಕೆಮ್ಮು ಬಂತು. "ಬೀಡಿ ಸೇದ್‌ಬುಟ್ಟು ಬಂದು ಕೂತವ್ರೆ ನಿಮ್ಮಪ್ಪ" ಎಂದು ಅವ್ವ ನಕ್ಕಳು. ಅದನ್ನು ಕತ್ತರಿಸಲು ನನಗೆ ಮನಸ್ಸು ಬರಲಿಲ್ಲ.

ಕೊನೆಯದು ಹೆಣ್ಣೊಪ್ಪಿಸುವ ಪದ. ಅರ್ಧಕ್ಕೆ ಬರುವಷ್ಟರಲ್ಲಿ ಕ್ಯಾಸೆಟ್ಟೇ ಮುಗಿದುಹೋಗಿತ್ತು.

"ಇನ್ನೂ ಅರ್ಧ ಅದೆ. ಮಗೀನ ನಿಮ್ ಕೈಗ್ ಕೊಟ್ಟಿವ್ನಿ ಅನ್ನೋ ಮಾತೆಲ್ಲ ಇನ್ ಮುಂದೇನೆ ಬರೋದು" ಅಂದಳು ಅವ್ವ. ಲ್ಯಾಪ್‌ಟಾಪಿನತ್ತ ಕೈ ತೋರಿಸಿ, "ಮಿಕ್ಕಿದ್ದ ನಾನು ಹೇಳ್ಕೊಟ್ರೆ ಇದುಕ್ಕೆ ಸೇರ್ಸಕಾದದಾ? ಮೊಮ್ಮಗಳು ಕಣಮ್ಮಿ. ನಾನು ಮುಂದ್ಕೆ ಓಗಂಗಿಲ್ಲ, ದನಿಯಾದ್ರೂ ಓಗ್ಲಿ" ಅಂದಳು.

ಫ್ಯಾನು ಆರಿಸಿ, ಕಿಟಕಿ ಮುಚ್ಚಿ, ಮೊಬೈಲು ಹಿಡಿದು ಕೂತೆ. ಅವ್ವ ಸೆರಗು ಸರಿಮಾಡಿಕೊಂಡು ಹೇಳಿದಳು. ದನಿ ಒಡೆದಿತ್ತು, ಒಂದು ಮಾತೂ ತಪ್ಪಲಿಲ್ಲ. ಹಳೆಯದರ ತುದಿಗೆ ಅದನ್ನು ಸೇರಿಸಿ ಕೇಳಿಸಿದೆ. ಅವ್ವ ಮತ್ತೆ ಮತ್ತೆ ಹಾಕಿಸಿಕೊಂಡು ಕೇಳಿದಳು.

ಅಣ್ಣ ಬಂದು ಕೇಳಿದವನು ಕೂಡಲೇ ಗುರುತು ಹಿಡಿದ. "ಇದು ಈಗಿನ ದನಿ ಕಣಮ್ಮಿ. ಗಂಡಿನ್ ಕಡೇರು ಕೇಳುದ್ರೆ ಏನಂದಾರು? ಕತ್ತರ್ಸಾಕು."

"ಟೇಪಲ್ಲಿರೋದೂ ಅವಳ ಬಾಯೇ ಅಲ್ವಾ?"

"ಆಗ ಅಪ್ಪ ಇದ್ದ."

ನನ್ನ ಕೈಯಲ್ಲಿ ಆಗುವುದಿಲ್ಲ ಅಂದೆ. ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಅವನು ಪೆನ್‌ಡ್ರೈವ್ ಕಿತ್ತುಕೊಂಡು ಹೋಗಿ ಮೈಕ್‌ಸೆಟ್ಟಿನವನ ಕೈಲಿ ಆ ತುಂಡನ್ನು ಕತ್ತರಿಸಿ ಹಾಕಿಸಿದ. ಅವ್ವ ಅಲ್ಲೇ ಕೂತು ನಮ್ಮ ಜಗಳವನ್ನೆಲ್ಲ ಕೇಳಿಸಿಕೊಂಡಿದ್ದಳು.

ಮಳವಳ್ಳಿಯ ಛತ್ರದಲ್ಲಿ ಮದುವೆ. ಸ್ಪೀಕರಿನಲ್ಲಿ ಅವ್ವನ ಪ್ರಾಯದ ದನಿ. "ಏನ್ ಕಂಠ ಕಣ್ರವ್ವ!" ಎಂದು ಬೀಗರ ಕಡೆಯ ಹೆಂಗಸರು ತಲೆದೂಗಿದರು. "ನಮ್ಮವ್ವಂದೇಯ" ಎಂದು ಅಣ್ಣ ಎದೆಯುಬ್ಬಿಸಿ ಹೇಳಿಕೊಂಡ. ಆ ಅವ್ವ ಹಿಂದುಗಡೆಯ ಉಗ್ರಾಣದಲ್ಲಿ ವೀಳ್ಯದೆಲೆ ಒರೆಸುತ್ತ ಕೂತಿದ್ದಳು. ಎಂಥ ಮಾನಗೇಡಿಗಳು ನಾವು.

ಹೆಣ್ಣೊಪ್ಪಿಸುವ ಹೊತ್ತಿಗೆ ಆ ಪದ ಹಾಕಿದರು. ಅರ್ಧಕ್ಕೆ ನಿಂತಿತು. ಯಾರೂ ತಲೆಯೆತ್ತಿ ನೋಡಲಿಲ್ಲ. ಫೋಟೋದವನು ಹೆಣ್ಣಿನ ಕೈಯನ್ನು ಅತ್ತೆಯ ಕೈಗೆ ಇನ್ನೊಮ್ಮೆ ಕೊಡಿಸಿದ. ಮೈಕ್‌ಸೆಟ್ಟಿನವನು ವಾಲಗದ ರೆಕಾರ್ಡು ಹಾಕಿದ. ಅಣ್ಣ ಕಣ್ಣೊರೆಸಿಕೊಂಡ.

ಉಗ್ರಾಣಕ್ಕೆ ಹೋದೆ. ಅವ್ವನ ಕೈಯಲ್ಲಿ ಒಂದೇ ಎಲೆ ಹಾಗೇ ಇತ್ತು.

"ಯಾರಾದ್ರೂ ಕೇಳುದ್ರಾ, ಮಿಕ್ಕಿದ್ದೆಲ್ಲಿ ಅಂತ?"

"ಇಲ್ಲ ಕಣವ್ವ" ಅಂದೆ. "ಮುಗೀತು ಅಂದ್ಕಂಡ್ರು."