ನೆರಳಿಗೆ ನಿಲ್ಲಿಸಿದ ಮನೆ

ಎಂದಿನಂತೆ ಬೆಳಿಗ್ಗೆ ಹಾಸಿಗೆ ಸುತ್ತಿಟ್ಟು, ಮಲಗಿದ್ದ ಹಲಗೆಯ ಮೇಲೆಯೇ ಸ್ಟೌ ಹಚ್ಚಿ ಕಾಫಿ ಮಾಡಿದೆ. ಪಂಪ್‌ಸೆಟ್ ರಿಪೇರಿಗೆಂದು ಊರೂರು ಸುತ್ತುವ ನಮ್ಮ ಯಜಮಾನರಿಗೂ ನನಗೂ ಈ ಹಳೆಯ ವ್ಯಾನೇ ಮನೆಯಾಗಿ ಎಂಟು ತಿಂಗಳು. ನೊಣವಿನಕೆರೆಯ ಈ ತೋಟದಲ್ಲಿ, ನೆರಳಿದೆಯೆಂದು ತೆಂಗಿನಮರದ ಬುಡದಲ್ಲೇ ನಿಲ್ಲಿಸಲು ಹೇಳಿದವಳು ನಾನೇ. ಮಧ್ಯಾಹ್ನ ಕಾಯೊಂದು ಬಿದ್ದು, ಬೆಳಕಿಗೆಂದು ವ್ಯಾನಿನ ಚಾವಣಿಯಲ್ಲಿ ಕೂರಿಸಿದ್ದ ಗಾಜು ಪುಡಿಯಾಯಿತು. ಚೂರುಗಳು ಅಕ್ಕಿಯಲ್ಲೂ ಸೇರಿದವು, ಹಾಸಿಗೆಯಲ್ಲೂ. ನಮಗಿರುವುದು ಅದೊಂದೇ ಹಾಸಿಗೆ. ಎಷ್ಟು ಕೊಡವಿದರೂ ಅಂಗೈಗೆ ಚುಚ್ಚುತ್ತಲೇ ಇತ್ತು. ಇನ್ನು ಈ ಬಾಳು ನನ್ನಿಂದಾಗದೆಂದು ಅಲ್ಲೇ ಕುಸಿದು ಕುಳಿತೆ.

ಸಂಜೆ ಪಕ್ಕದ ತೋಟದ ಗಂಗಮ್ಮ ಮಜ್ಜಿಗೆ ತಂದವರು ಒಳಗೆ ಇಣುಕಿದರು. "ತೆಂಗಿನಕಾಯಿಗೆ ಕಣ್ಣೈತೆ ಕಣಮ್ಮ, ಜನ ಇರೋ ಮನೆ ಮ್ಯಾಲೆ ಬೀಳಾಕಿಲ್ಲ. ಇದನ್ನ ಬರೀ ಗಾಡಿ ಅಂದ್ಕೊಂಡೈತೆ, ಬುಡಿ."